ಮೇಷ್ಟ್ರ ಡಬ್ಬಿ

"ಬಲಕ್ಕಯ್ಯಾ, ಬಲಕ್ಕೆ! ಗೋಡೆಗೇನು ಮುತ್ತು ಕೊಡ್ತೀಯಾ?"

ಓಣಿಯ ನಡುವೆ ನಿಂತು ಮೈದುನ, ಸತ್ತ ಮೇಷ್ಟ್ರ ತಮ್ಮ, ಎರಡೂ ಕೈ ಬೀಸುತ್ತಿದ್ದ. ರಿವರ್ಸಿನಲ್ಲಿ ಬರುತ್ತಿದ್ದ ಶವವಾಹನ ಮತ್ತೆ ಅಡ್ಡಡ್ಡ ನಿಂತಿತು. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಡ್ರೈವರ್ ಬಾಗಿಲು ತೆರೆದು ಇಳಿದ. ದಪ್ಪ ಮೀಸೆಯ, ನಡುವಯಸ್ಸು ದಾಟಿದ ಆಳು. ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡ.

"ಇದಕ್ಕಿಂತ ಇಕ್ಕಟ್ಟಿನ ಜಾಗದಲ್ಲಿ ರಿವರ್ಸ್ ತಂದಿದೀನಿ ಸಾರ್. ಇವತ್ತು ಯಾಕೋ ಕಾಲು ನಡುಗ್ತಿದೆ."

"ಇದೇ ನಿನ್ನ ಕಸುಬಲ್ಲವೇನಯ್ಯಾ?"

"ಕಸುಬೇ. ಆದರೆ ಕಲಿಸಿದೋರು ಒಳಗೆ ಮಲಗಿದಾರಲ್ಲ. ತಪ್ಪು ಮಾಡಿದ್ರೆ ಎದ್ದು ಬಂದು ಬೈತಾರೇನೋ ಅನ್ಸುತ್ತೆ."

ಬಾಗಿಲಲ್ಲಿದ್ದ ನಾಲ್ಕೈದು ಜನ ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿ ತಲೆ ತಗ್ಗಿಸಿದರು. ಮೈದುನನೂ ನಕ್ಕ, ನಗು ಮುಗಿಯುವ ಮೊದಲೇ ಅವನ ಮುಖ ಕಿವುಚಿಕೊಂಡಿತು. "ಗಾಡಿ ಹತ್ತು, ಇನ್ನೊಂದು ಸಲ ನೋಡು. ಅಣ್ಣನಿಗೆ ಇವತ್ತು ಅವಸರ ಇಲ್ಲ."

ಕಿಟಕಿಯ ಸರಳು ಹಿಡಿದು ಅವಳು ನೋಡುತ್ತಿದ್ದಳು. ಗಾಡಿ ಗೋಡೆಯ ಹತ್ತಿರ ಬಂದಾಗ ತನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದದ್ದು ಅವಳಿಗೆ ಆಮೇಲೆ ತಿಳಿಯಿತು. ಅದು ಗಂಡನ ಚಾಳಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತದೆ. ಅವರ ಆಯುಷ್ಯವೆಲ್ಲ ಆ ಬ್ರೇಕಿನ ಮೇಲೆ ಕಾಲಿಟ್ಟೇ ಕಳೆದಿತ್ತು. ಸಿನಿಮಾದಲ್ಲಿ ಕಾರು ಜೋರಾಗಿ ಬಂದರೂ ಅವರ ಕಾಲು ಮುಂದಿನವರ ಕುರ್ಚಿಯನ್ನು ಒದ್ದುಬಿಡುತ್ತಿತ್ತು. ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಅವಳು ಬ್ರೇಕ್ ಮೇಷ್ಟ್ರ ಹೆಂಡತಿ.

ಮಗಳು ಬಂದು ಕಿಟಕಿಯ ಹತ್ತಿರವಿದ್ದ ಕುರ್ಚಿಗಳನ್ನು ಎತ್ತಿಕೊಂಡಳು. ಅಮ್ಮನ ಕಡೆ ನೋಡಲಿಲ್ಲ. ನಿನ್ನೆಯಿಂದ ಹಾಗೇ. ಅಪ್ಪನ ಅಂಗಿಗೆ ಇಸ್ತ್ರಿ ಹಾಕಿದಳು, ನೆಂಟರಿಗೆ ಫೋನ್ ಮಾಡಿದಳು, ಅಮ್ಮನ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಲೋಟದ ನೀರಿನ ಪಕ್ಕ ತಂದಿಟ್ಟಳು. ಮಾತು ಮಾತ್ರ ಇಲ್ಲ. ಆಡಬೇಕಾದದ್ದನ್ನು ಆಸ್ಪತ್ರೆಯಲ್ಲೇ ಆಡಿಬಿಟ್ಟಿದ್ದಳು.

"ರಕ್ತದಲ್ಲಿ ಪೊಟ್ಯಾಶಿಯಂ ತೀರಾ ಇಳಿದುಹೋಗಿತ್ತು" ಎಂದಿದ್ದರು ಡಾಕ್ಟರು. "ಬಿ.ಪಿ. ಮಾತ್ರೆ ಅದನ್ನ ಮೊದಲೇ ಮೂತ್ರದಲ್ಲಿ ಕಳೀತಾ ಇತ್ತು. ಮೇಲೆ ಎರಡು ದಿನದಿಂದ ಈ ಭೇದಿ ಬೇರೆ. ದಿನಾ ಊಟದಲ್ಲಿ ತುಂಬಿಕೊಂಡಿದ್ದಿದ್ರೆ ತಡ್ಕೊಳ್ಳೋಕೆ ಸ್ವಲ್ಪವಾದರೂ ಇರ್ತಿತ್ತು. ಏನೂ ಇರಲಿಲ್ಲ. ಹೃದಯದ ಬಡಿತ ತಪ್ಪಿತು."

ಡಾಕ್ಟರು ಆ ಕಡೆ ಹೋದದ್ದೇ ಮಗಳು ತಿರುಗಿದ್ದಳು. "ನೀನು ಅಪ್ಪನಿಗೂ ನಿನ್ನ ಊಟಾನೇ ಹಾಕ್ತಿದ್ದೆ, ಅಲ್ವಾ ಅಮ್ಮ?"

"ಇಲ್ಲ ಕಣೇ. ಬೇರೆ ಮಾಡ್ತಿದ್ದೆ. ದಿನಾ ಬೇರೆ ಮಾಡ್ತಿದ್ದೆ."

"ನಾನೇ ಕಣ್ಣಾರೆ ನೋಡಿದೀನಿ. ಬಂದಾಗಲೆಲ್ಲ ರಾತ್ರಿ ಅವರ ತಟ್ಟೇಲಿ ನಿನ್ನ ಸಪ್ಪೆ ಊಟ. ಅದರಲ್ಲಿ ಏನಿತ್ತು ಹೇಳು? ನೀನು ಹಿಂಡಿ, ಬಸಿದು, ಚೆಲ್ಲಿದ ಮೇಲೆ ಉಳಿದ ಹಿಪ್ಪೆ."

ಇಷ್ಟು ವರ್ಷ ಎರಡು ಒಲೆಯ ಮುಂದೆ ಬೆಂದವಳು ತಾನು. ಹಾಗಾದರೆ ತಾನು ಬೇಯಿಸಿ ಕಳಿಸಿದ್ದೆಲ್ಲ ಎಲ್ಲಿ ಹೋಯಿತು? ಆ ಪ್ರಶ್ನೆ ಆಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

* * *

ಮೊದಲು ಕೆಟ್ಟದ್ದು ಅವಳ ಕಿಡ್ನಿ. ಬಾಳೆಹಣ್ಣು ಬೇಡ, ಕಿತ್ತಳೆ ಬೇಡ, ಟೊಮೇಟೊ ಬೇಡ, ಕಾಳು ಬೇಡ ಎಂದರು. ಆಲೂಗಡ್ಡೆ ಬಿಡಲಾರೆ ಎಂದು ಅವಳು ಅತ್ತಾಗ ಆಸ್ಪತ್ರೆಯ ಡಯಟೀಷಿಯನ್ ಒಂದು ದಾರಿ ಹೇಳಿಕೊಟ್ಟಳು. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ ನೀರಿನಲ್ಲಿ ನೆನೆಹಾಕು, ಆ ನೀರು ಚೆಲ್ಲು; ತುಂಬ ನೀರಿಟ್ಟು ಬೇಯಿಸು, ಆ ನೀರೂ ಚೆಲ್ಲು. ಕೊನೆಗೆ ಉಳಿಯುತ್ತಿದ್ದದ್ದು ಆಲೂಗಡ್ಡೆಯಲ್ಲ, ಅದರ ನೆನಪು.

ಆಮೇಲೆ ಮೇಷ್ಟ್ರಿಗೆ ಬಿ.ಪಿ. ಬಂತು, ನೀರು ಇಳಿಸುವ ಮಾತ್ರೆ ಬಂತು. ಮೀನಖಂಡ ಕಲ್ಲಿನಂತೆ ಹಿಡಿದುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು. ರಕ್ತ ನೋಡಿದ ಡಾಕ್ಟರು ಇವಳಿಗೆ ಬೇಡವೆಂದದ್ದನ್ನೆಲ್ಲ ಅವರಿಗೆ ಬೇಕು ಎಂದರು. ಬಾಳೆಹಣ್ಣು, ಕಿತ್ತಳೆ, ಕಾಳು, ಸೊಪ್ಪು, ಸಿಪ್ಪೆ ಸಮೇತ ಆಲೂಗಡ್ಡೆ. ಅವಳ ಮೈಯಿಂದ ಪೊಟ್ಯಾಶಿಯಂ ಹೊರಗೆ ಹೋಗುತ್ತಿರಲಿಲ್ಲ; ಅವರ ಮೈಯಲ್ಲಿ ನಿಲ್ಲುತ್ತಿರಲಿಲ್ಲ.

"ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗಾಯ್ತು ನಮ್ಮ ಸಂಸಾರ" ಎಂದಿದ್ದಳು ಆಸ್ಪತ್ರೆಯಿಂದ ಬರುವಾಗ.

"ಅದರಲ್ಲಿ ಕೋಣ ಯಾರು, ಅದನ್ನ ಹೇಳು ಮೊದಲು."

"ನಾನಂತೂ ಅಲ್ಲ."

ಅವತ್ತಿನಿಂದ ಎರಡು ಒಲೆ, ಎರಡು ಪಾತ್ರೆ, ಎರಡು ಸೌಟು. ಬೆಳಕು ಹರಿಯುತ್ತಲೇ ಎದ್ದು ಅವರ ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಹುರಿಯುವಳು. ಕಾಳು ಬೇಯಿಸಿದ ನೀರನ್ನು ಒಂದು ತೊಟ್ಟೂ ಚೆಲ್ಲದೆ ಅದರಲ್ಲೇ ಸೊಪ್ಪು ಹಾಕುವಳು. ರುಚಿ ನೋಡುವಂತಿರಲಿಲ್ಲವಲ್ಲ, ಉಪ್ಪು ಖಾರವೆಲ್ಲ ಕಣ್ಣಂದಾಜು, ಮೂಗಿನಂದಾಜು. ಹುರಿದ ಆಲೂಗಡ್ಡೆಯ ಘಮ ಅಡಿಗೆಮನೆ ತುಂಬಿದಾಗ ಬಾಯಲ್ಲಿ ನೀರೂರುತ್ತಿತ್ತು. ಅದನ್ನು ನುಂಗಿಕೊಂಡು ಡಬ್ಬಿಯ ಮುಚ್ಚಳ ಒತ್ತುವಳು. ಮದುವೆಗೆ ಮುಂಚೆ ಅವರಿಬ್ಬರೂ ಕದ್ದು ತಿರುಗುವಾಗ ಮೈದಾನದ ಮೂಲೆಯಲ್ಲಿ ಕೆಂಡದಲ್ಲಿ ಸುಟ್ಟ ಆಲೂಗಡ್ಡೆ ಮಾರುವವನಿದ್ದ. ಬಿಸಿ ತಡೆಯಲಾರದೆ ಕೈಯಿಂದ ಕೈಗೆ ಹಾರಿಸಿಕೊಂಡು ತಿನ್ನುತ್ತಿದ್ದವಳು ಅವಳು. ಅವರು ಬರೀ ನೋಡುತ್ತಿದ್ದರು.

ಸಂಜೆ ಡಬ್ಬಿ ತೊಳೆದೇ ಮನೆಗೆ ಬರುತ್ತಿತ್ತು. ಅದರ ಜೊತೆಗೆ ಬರುತ್ತಿದ್ದ ಮಾತುಗಳೇ ಅವಳಿಗೆ ಸೋಜಿಗ. ಮದುವೆಯಾದಾಗಿನಿಂದ ಮೇಷ್ಟ್ರು ಅಡಿಗೆಯ ಬಗ್ಗೆ ತುಟಿ ಬಿಚ್ಚಿದವರಲ್ಲ. ಸುಮ್ಮನೆ ಉಂಡು ಎದ್ದರೆ ಚೆನ್ನಾಗಿತ್ತೆಂದೇ ತಿಳಿಯಬೇಕು. ಅಂಥವರು ಈಗ ಚಪ್ಪಲಿ ಬಿಡುತ್ತ ಬಿಡುತ್ತಲೇ ಶುರುಮಾಡುವರು.

"ಇವತ್ತಿನ ಆಲೂಗಡ್ಡೆ ಹೊರಗೆ ಗರಿಗರಿ, ಒಳಗೆ ಬೆಣ್ಣೆ."

"ಹೌದಾ?"

"ಕಾಳಿಗೆ ಮಾತ್ರ ಇನ್ನೊಂದೆರಡು ಎಸಳು ಬೆಳ್ಳುಳ್ಳಿ ಬೀಳಬೇಕಿತ್ತು. ಸೊಪ್ಪಿನಲ್ಲಿ ಎಲ್ಲೋ ಒಂದು ಕಡೆ ಹುಳಿ ಹೊಡೀತು, ಆದರೂ ಸರಿ."

ಈ ವಯಸ್ಸಿನಲ್ಲಿ ಗಂಡನ ನಾಲಗೆಗೆ ಜೀವ ಬಂತಲ್ಲ ಎಂದು ಅವಳು ಸಿಂಕಿನ ಕಡೆ ತಿರುಗಿ ಒಬ್ಬಳೇ ನಗುವಳು. ಮಾರನೆಯ ದಿನ ಬೆಳ್ಳುಳ್ಳಿ ಹೆಚ್ಚಿಗೆ ಬೀಳುತ್ತಿತ್ತು. ರಾತ್ರಿ ಬಡಿಸಹೋದರೆ ಅವರು ಕೈ ಅಡ್ಡ ಇಡುವರು. "ಮಧ್ಯಾಹ್ನ ಗಡದ್ದಾಗಿ ಆಗಿದೆ ಮಾರಾಯ್ತಿ. ನಿನ್ನ ಪಾತ್ರೆಯಿಂದಲೇ ಎರಡು ತುತ್ತು ಹಾಕು. ಜೊತೆಗೆ ಉಂಡ ಹಾಗಾಗುತ್ತೆ."

ಡಬ್ಬಿ ಖಾಲಿಯಾಗಿದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಹಾಕುತ್ತಿದ್ದಳು. ಕಾಲು ಹಿಡಿದುಕೊಂಡು ನರಳಿದಾಗ ಎಣ್ಣೆ ತಿಕ್ಕುತ್ತ, "ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ ಅಂದ್ರೆ ಕೇಳಲ್ಲ" ಎಂದು ಗೊಣಗಿದರೆ, "ಈ ಬ್ಯಾಚು ಪಾಸಾಗಲಿ, ಹೋಗ್ತೀನಿ" ಎನ್ನುವರು. ಒಂದು ಬ್ಯಾಚು ಪಾಸಾದರೆ ಇನ್ನೊಂದು ಬರುತ್ತಿತ್ತು.

* * *

ಶವವಾಹನ ಕೊನೆಗೂ ಬಾಗಿಲಿಗೆ ತಾಗಿಕೊಂಡು ನಿಂತಿತು. ಮೇಷ್ಟ್ರ ಅಕ್ಕ ಬರುವ ರೈಲು ತಡವಾದ್ದರಿಂದ ಎಲ್ಲರೂ ಕಾಯುತ್ತಿದ್ದರು. ನಡುಮನೆಯಲ್ಲಿ ದೇಹದ ಸುತ್ತ ಕೂತಿದ್ದವರಲ್ಲಿ ನೆಂಟರಿಗಿಂತ ಶಿಷ್ಯರೇ ಹೆಚ್ಚು. ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸೊಬ್ಬಳು ಜರುಗಿ ಬಂದು ಅವಳ ಕೈ ಹಿಡಿದಳು.

"ನಾನು ಯಾರು ಅಂತ ನಿಮಗೆ ಗೊತ್ತಿಲ್ಲಕ್ಕಾ. ಆದರೆ ನಿಮ್ಮ ಕೈರುಚಿ ನನಗೆ ಗೊತ್ತು."

"ನನ್ನ ಕೈರುಚಿಯಾ?"

"ಟೆಸ್ಟಿನ ದಿನ ಹೆದರಿ ಅಳ್ತಾ ಕೂತಿದ್ದೆ. ಮೇಷ್ಟ್ರು ಡಬ್ಬಿ ತೆಗೆದು ಮುಂದಿಟ್ರು. ಹೊಟ್ಟೆ ಖಾಲಿ ಇದ್ರೆ ಕಾಲು ನಡುಗುತ್ತೆ, ಕಾಲು ನಡುಗಿದ್ರೆ ಗಾಡಿ ಕುಣಿಯುತ್ತೆ, ತಿನ್ನು ಅಂದ್ರು. ಆ ಆಲೂಗಡ್ಡೆ! ನಾನು ಪಾಸಾಗಿದ್ದೇ ಅದರಿಂದ."

ಅವಳಿಗೆ ಹೆಮ್ಮೆಯೇ ಆಯಿತು. ಒಂದು ದಿನ ಒಬ್ಬರಿಗೆ ಕೊಟ್ಟರೆ ಏನಂತೆ. ಕೊಡುಗೈ ಅವರದು.

"ಅಯ್ಯೋ, ನೀವು ಒಂದು ಸಲ" ಎಂದ ಪಕ್ಕದಲ್ಲಿದ್ದ ಬಟ್ಟೆಯಂಗಡಿಯವನು. ಕುರ್ಚಿ ತುಂಬ ಕೂತಿದ್ದ ಸ್ಥೂಲಕಾಯದ ಮನುಷ್ಯ. "ನಾನು ಟೆಸ್ಟಲ್ಲಿ ಮೂರು ಸಲ ಫೇಲು. ಅಂದ್ರೆ ಎಷ್ಟು ತಿಂಗಳ ಕ್ಲಾಸು, ಎಷ್ಟು ತಿಂಗಳ ಊಟ ನೀವೇ ಲೆಕ್ಕ ಹಾಕ್ಕೊಳ್ಳಿ. 'ಕಾಳಿನ ಆಸೆಗೆ ಬೇಕಂತಲೇ ಕಂಬಕ್ಕೆ ಗುದ್ದುತೀಯೇನೋ' ಅಂತಿದ್ರು ಮೇಷ್ಟ್ರು."

"ನನಗೆ ಕಿತ್ತಳೆ ಕೊಡ್ತಿದ್ರು" ಎಂದಿತು ಗೋಡೆಯ ಬಳಿಯಿಂದ ಒಂದು ದನಿ.

"ಬಾಳೆಹಣ್ಣು ನಮ್ಮ ಬ್ಯಾಚಿಗೆ."

"ದೇವರಂಥ ಮನುಷ್ಯ. ತಾಯಿ ಹೊಟ್ಟೆ ನೋಡ್ತಾಳೆ ಅಂತಾರೆ. ಇವರೂ ಮೊದಲು ಹೊಟ್ಟೆ ನೋಡಿ, ಆಮೇಲೆ ಸ್ಟೇರಿಂಗ್ ಕೊಡ್ತಿದ್ರು."

ಮನೆಯೊಳಗೆ ಒಂದು ಬಗೆಯ ಬೆಚ್ಚಗಿನ ಕಳೆ ಬಂತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಅವಳು ಮಾತ್ರ ಪಾರ್ಲರಿನವಳ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಅವರೂ ನಿಮ್ಮ ಜೊತೆ ತಿಂತಿದ್ರಾ?" ಎಂದು ಕೇಳಿದಳು, ಮೆಲ್ಲಗೆ.

ಬಟ್ಟೆಯಂಗಡಿಯವನು ಯೋಚಿಸಿದ. "ಅವರು ಚಹಾ ಕುಡೀತಾ ಕೂತಿರ್ತಿದ್ರು. ಆಮೇಲೆ ತಿಂತಿದ್ರೇನೋಪ್ಪ."

"ಡಬ್ಬೀಲಿ ಉಳೀತಿತ್ತಾ?"

"ಉಳಿಯೋಕೆ ಬಿಡ್ತಿದ್ವಾ ನಾವು!"

ಎಲ್ಲರೂ ನಕ್ಕರು, ಈ ಸಲ ನಾಚಿಕೆಯಿಲ್ಲದೆ. ಅವಳು ತಿರುಗಿ ಗಂಡನ ಮುಖ ನೋಡಿದಳು. ಕೆನ್ನೆ ಒಳಸೇರಿತ್ತು. ಎಂದಿನಿಂದ ಹೀಗಿತ್ತು? ದಿನವೂ ನೋಡುವ ಮುಖ ಸವೆಯುವುದು ಕಣ್ಣಿಗೆ ಕಾಣುವುದಿಲ್ಲ. ಮಗಳು ಹೊರಗೆ ಹೂವಿನವನ ಹತ್ತಿರ ಮಾತಾಡುತ್ತಿದ್ದಳು. ಇದಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ.

* * *

"ಅತ್ತಿಗೆ, ಹಿಂದೆ ಕುಲುಕಾಟ ಜಾಸ್ತಿ. ನಿಮ್ಮ ಮೈಗೆ ಆಗಲ್ಲ. ಮುಂದೆ ಕೂತ್ಕೊಳ್ಳಿ" ಎಂದು, ಅಕ್ಕ ಬಂದು ಮುಖ ನೋಡಿದ ಮೇಲೆ, ಮೈದುನ ಅವಳನ್ನು ಡ್ರೈವರ್ ಪಕ್ಕ ಹತ್ತಿಸಿದ. ಅಪ್ಪನ ಜೊತೆ ಮಗಳೂ ಚಿಕ್ಕಪ್ಪನೂ ಹಿಂದೆ ಕೂತರು. ನಡುವೆ ದಪ್ಪ ಗಾಜು.

ಗಾಡಿ ಓಣಿ ದಾಟಿ, ಮಾರ್ಕೆಟ್ ದಾಟಿ ದೊಡ್ಡ ರಸ್ತೆಗೆ ಬಂತು. ಡ್ರೈವರ್ ಗಾಜಿನ ಪಾತ್ರೆ ಹೊತ್ತವನಂತೆ ಓಡಿಸುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಬಾಯಿಬಿಟ್ಟ.

"ಫ್ಯಾಕ್ಟರಿ ಮುಚ್ಚಿದ ಮೇಲೆ ಈ ವಯಸ್ಸಲ್ಲಿ ನನಗೆ ಡ್ರೈವಿಂಗ್ ಯಾರು ಕಲಿಸ್ತಿದ್ರಮ್ಮಾ? ಅವರು ಕಲಿಸಿದ್ರು. ನಮ್ಮ ಗಾಡಿ ನಿಲ್ಲಿಸೋದು ಸ್ಕೂಲಿನ ಎದುರಿಗೇ. ಕಲಿಯೋರು ಇಲ್ಲದ ದಿನ ನನ್ನನ್ನೇ ಕೂಗೋರು. ಬಾರಯ್ಯ, ಡಬ್ಬಿ ಬಂದಿದೆ ಅಂತ."

"ನೀವೂ ತಿಂದಿದೀರಾ?"

"ಎಷ್ಟೋ ಸಲ. ಆದರೆ ಬಿಟ್ಟಿ ಊಟ ಅಲ್ಲಮ್ಮ ಅದು. ತಿಂದ ಮೇಲೆ ಪರೀಕ್ಷೆ ಇರ್ತಿತ್ತು!" ಮೀಸೆಯಡಿಯಲ್ಲೇ ನಕ್ಕ. "ಹೇಗಿತ್ತು ಹೇಳು ಅನ್ನೋರು. ಚೆನ್ನಾಗಿತ್ತು ಅಂದ್ರೆ ಬಿಡ್ತಿರಲಿಲ್ಲ. 'ಚೆನ್ನಾಗಿತ್ತು ಅಂತ ಕತ್ತೆನೂ ಹೇಳುತ್ತೆ. ಏನು ಚೆನ್ನಾಗಿತ್ತು? ಬೆಂದಿತ್ತಾ? ಉಪ್ಪು ಹಿಡಿದಿತ್ತಾ? ನಾನು ಮನೇಲಿ ಹೋಗಿ ಹೇಳ್ಬೇಕು' ಅನ್ನೋರು. ಒಂದು ಸಲ ಕಾಳಿಗೆ ಬೆಳ್ಳುಳ್ಳಿ ಸಾಲದು ಅಂತ ಬಾಯ್ತಪ್ಪಿ ಅಂದೆ. ಮಾರನೆ ದಿನ ನೋಡ್ತೀನಿ, ಘಮಘಮ!"

ಅವಳು ಸೀಟಿನ ಅಂಚನ್ನು ಹಿಡಿದುಕೊಂಡಳು.

"ಆಲೂಗಡ್ಡೆ ಹೊರಗೆ ಗರಿಗರಿ, ಒಳಗೆ ಬೆಣ್ಣೆ..." ಎಂದಳು. ತನಗೇ ಹೇಳಿಕೊಂಡಂತೆ.

"ಹ್ಞಾ! ಅದೂ ನಾನೇ ಹೇಳಿದ್ದು" ಎಂದ ಡ್ರೈವರ್, ಬಹುಮಾನ ಬಂದವನ ಹಾಗೆ. "ನಿಮಗೆ ತಲುಪ್ತಾ ಅದು?"

"ತಲುಪಿತು."

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ರಸ್ತೆ ದಾಟುವವರು ಒಂದು ಕ್ಷಣ ಒಳಗೆ ನೋಡಿ ಮುಂದೆ ಹೋಗುತ್ತಿದ್ದರು. ಅವಳಿಗೆ ಕೇಳಲೂ ಭಯ, ಕೇಳದೆ ಇರಲೂ ಆಗದು.

"ಅವರು ಯಾಕೆ ತಿಂತಿರಲಿಲ್ಲ?"

ಡ್ರೈವರ್ ನಗು ನಿಲ್ಲಿಸಿದ. "ನಾನೂ ಕೇಳಿದ್ದೆ. ಹೊಟ್ಟೆ ಸರಿ ಇಲ್ವಾ ಸಾರ್ ಅಂತ. 'ಹೊಟ್ಟೆಗೇನೂ ಆಗಿಲ್ಲ ಕಣೋ. ಅವಳು ಇಷ್ಟೆಲ್ಲ ಮಾಡ್ತಾಳೆ, ಉಪ್ಪು ನೋಡೋಕೂ ನಾಲಗೆಗೆ ಮುಟ್ಟಿಸೋ ಹಾಗಿಲ್ಲ. ಮುಚ್ಚಳ ತೆಗೆದ ಕೂಡಲೇ ವಾಸನೆಗೆ ಅವಳ ಮುಖ ಕಣ್ಣಿಗೆ ಬರುತ್ತೆ. ಗಂಟಲಲ್ಲಿ ಇಳಿಯಲ್ಲ. ಹಾಗಂತ ಚೆಲ್ಲೋಕಾಗುತ್ತಾ ಅವಳು ಮಾಡಿದ್ದನ್ನ?' ಅಂದ್ರು. ಆಮೇಲೆ ಒಂದು ಬನ್ನು ಚಹಾದಲ್ಲಿ ಅದ್ಕೊಂಡು ತಿಂದ್ರು. ಪುಣ್ಯಾತ್ಮ. ನಿಮಗೆ ಹೇಳಬಾರದಿತ್ತೇನೋ."

"ಇಲ್ಲ, ಹೇಳಿ. ಒಳ್ಳೇದೇ ಆಯ್ತು."

ಆ ಊಟ ಅವರಿಗೆ ಔಷಧಿಯಾಗಿತ್ತು ಎಂದು ಅವಳು ಹೇಳಬಹುದಿತ್ತು. ತುಟಿಯವರೆಗೂ ಬಂತು. ಸ್ಟೇರಿಂಗಿನ ಮೇಲೆ ಜೋಪಾನವಾಗಿ ಇಟ್ಟಿದ್ದ ಆ ಎರಡು ಒರಟು ಕೈಗಳನ್ನು ನೋಡಿದಳು. ಈ ಮಾತು ಕೇಳಿದರೆ ಇವನಿಗೆ ಜೀವಮಾನವಿಡೀ ಗಂಟಲಲ್ಲಿ ಏನೂ ಇಳಿಯದು.

"ನಿಮಗೆ ಹೊಟ್ಟೆ ತುಂಬ್ತಿತ್ತಾ?" ಎಂದು ಕೇಳಿದಳು.

"ತುಂಬ್ತಿತ್ತಮ್ಮಾ" ಎಂದು ಅವನು ಕಣ್ಣೊರೆಸಿಕೊಂಡು ಗೇರ್ ಬದಲಾಯಿಸಿದ. ಗಾಡಿ ಕುಲುಕಲಿಲ್ಲ.

* * *

ಸ್ಮಶಾನದಿಂದ ಬರುವಾಗ ಬಿಸಿಲು ಇಳಿದಿತ್ತು. ನೆಂಟರು ಒಬ್ಬೊಬ್ಬರೇ ಹೊರಟರು. ಅಕ್ಕನನ್ನು ರೈಲಿಗೆ ಹತ್ತಿಸಲು ಮೈದುನ ಹೋದ. ಪಕ್ಕದ ಮನೆಯಾಕೆ ಅನ್ನ, ಕಾಳು, ಟೊಮೇಟೊ ಹಾಕಿದ ಆಲೂಗಡ್ಡೆಯನ್ನು ಒಂದು ಪಾತ್ರೆಯಲ್ಲಿ ತಂದಿಟ್ಟು, "ತಾಯಿ ಮಗಳು ಒಂದೊಂದು ತುತ್ತಾದರೂ ಉಣ್ಣಿ" ಎಂದು ಹೇಳಿ ಹೋದಳು.

ಅಡಿಗೆಮನೆಯಲ್ಲಿ ಮಗಳು ಆಲೂಗಡ್ಡೆ ಹೆಚ್ಚುತ್ತಿದ್ದಳು, ಅಮ್ಮನಿಗಾಗಿ. ನೆನೆಹಾಕಿದಳು, ಕಾದಳು, ಬೇಯಿಸಿ ನೀರು ಬಸಿದಳು. ಹಬೆಯೊಳಗೆ ಅವಳ ಮುಖ ಕಾಣುತ್ತಿರಲಿಲ್ಲ. ಪಾತ್ರೆ ಕೆಳಗಿಟ್ಟು, ಬೆನ್ನು ಹಾಕಿಕೊಂಡೇ ಹೇಳಿದಳು.

"ಅಮ್ಮ, ಆಸ್ಪತ್ರೇಲಿ ನಾನು ಹಾಗೆ ಕೂಗಬಾರದಿತ್ತು."

"ಇರಲಿ ಬಿಡೇ."

"ಆದರೆ ನನಗೆ ಗೊತ್ತಾಗ್ಬೇಕು. ಇಲ್ಲದಿದ್ರೆ ನಿದ್ದೆ ಬರಲ್ಲ. ಇಷ್ಟೇ ಹೇಳು. ಅಪ್ಪನಿಗೆ ನಿಜವಾಗಲೂ ದಿನಾ ಬೇರೆ ಮಾಡ್ತಿದ್ದೆಯಾ?"

ಮಾಡುತ್ತಿದ್ದೆ ಎಂದರೆ ಸಾಕಿತ್ತು. ಸಾಕ್ಷಿಗೆ ಅರ್ಧ ಊರೇ ಇತ್ತು. ಪಾರ್ಲರಿನವಳು, ಬಟ್ಟೆಯಂಗಡಿಯವನು, ಡ್ರೈವರ್. ಹೇಳಿದರೆ ಮಗಳ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಇರುವ ಉತ್ತರವೂ ಗೊತ್ತಿತ್ತು. ನಿನ್ನ ಅಪ್ಪ ಬೇಕೆಂದೇ ತಿನ್ನಲಿಲ್ಲ, ನನ್ನ ಮುಖ ನೆನೆದು ತಿನ್ನಲಿಲ್ಲ, ತಿಂದೆನೆಂದು ನನಗೆ ಸುಳ್ಳು ಹೇಳುತ್ತಿದ್ದರು. ಇದನ್ನು ಕೇಳಿದ ಮಗಳು ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗಬೇಕು?

"ಮಾಡ್ತಿದ್ದೆ" ಎಂದಳು. "ಆದರೆ ಒಂದೊಂದು ದಿನ ಸುಸ್ತಾಗ್ತಿತ್ತು ಕಣೇ. ಎರಡೆರಡು ಅಡಿಗೆ. ಆಗ ನನ್ನದನ್ನೇ ಡಬ್ಬಿಗೆ ಹಾಕಿಬಿಡ್ತಿದ್ದೆ."

ಮಗಳು ತಿರುಗಿದಳು. ಬೈಯುತ್ತಾಳೆಂದು ಅವಳು ಮೈ ಬಿಗಿಹಿಡಿದಳು. ಮಗಳು ಬೈಯಲಿಲ್ಲ. ಹತ್ತಿರ ಬಂದು, ನೆಲದ ಮೇಲೆ ಕೂತು, ಅಮ್ಮನ ಮಡಿಲಿಗೆ ತಲೆಯಿಟ್ಟು, ಅಲ್ಲಿಯವರೆಗೆ ಅಳದಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು.

"ನೀನೂ ರೋಗಿ. ನಿನಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ನಾನು ಯೋಚನೇನೇ ಮಾಡ್ಲಿಲ್ಲ ಅಮ್ಮ. ದೂರದಿಂದ ಫೋನಲ್ಲಿ ಬರೀ ಬುದ್ಧಿ ಹೇಳ್ತಿದ್ದೆ."

ಅವಳು ಮಗಳ ಕೂದಲಲ್ಲಿ ಬೆರಳಾಡಿಸುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಮಗಳು ಎದ್ದು ಮುಖ ತೊಳೆದು ಎರಡು ತಟ್ಟೆ ಇಟ್ಟಳು. ಬಸಿದ ಆಲೂಗಡ್ಡೆಯನ್ನೂ ಅನ್ನವನ್ನೂ ಅಮ್ಮನ ತಟ್ಟೆಗೆ ಹಾಕಿದಳು. ಅದನ್ನೇ ತನ್ನ ತಟ್ಟೆಗೂ ಹಾಕಿಕೊಂಡಳು. ಪಕ್ಕದ ಮನೆಯ ಪಾತ್ರೆಯನ್ನು ಮುಚ್ಚಳ ತೆಗೆಯದೆ ಅತ್ತ ಸರಿಸಿದಳು.

"ಅದನ್ನ ಯಾಕೆ ಇಟ್ಟೆ? ತಗೋ" ಎಂದಳು ಅವಳು.

"ಬೇಡ. ಇನ್ಮೇಲೆ ಈ ಮನೇಲಿ ಎರಡು ಅಡಿಗೆ ಇಲ್ಲ. ನಿನ್ನ ಎದುರಿಗೆ ಕೂತು ನಾನೊಬ್ಬಳೇ ಅದನ್ನ ಹೇಗೆ ತಿನ್ನಲಿ? ನೀನು ತಿನ್ನೋದೇ ನನಗೂ ಸಾಕು."

ತಟ್ಟೆಯ ಮೇಲೆ ಬಾಗಿದ್ದ ಅವಳು ತಲೆಯೆತ್ತಿದಳು. ಎದ್ದು ಬಂದು, ಮಗಳ ಮುಂದಿನ ತಟ್ಟೆಯನ್ನು ಎಳೆದುಕೊಂಡಳು. ಅದರಲ್ಲಿದ್ದ ಬಿಳುಚಿದ ಆಲೂಗಡ್ಡೆಯನ್ನು ಒಂದು ಚೂರೂ ಬಿಡದೆ ಪಾತ್ರೆಗೆ ವಾಪಸು ಬಳಿದಳು. ಪಕ್ಕದ ಮನೆಯ ಪಾತ್ರೆಯ ಮುಚ್ಚಳ ತೆಗೆದು ಕಾಳು ಹಾಕಿದಳು, ಆಲೂಗಡ್ಡೆ ಹಾಕಿದಳು, ಸಾಕು ಎಂದರೂ ಇನ್ನೊಂದು ಸೌಟು ಹಾಕಿದಳು. ತಟ್ಟೆಯನ್ನು ಮಗಳ ಮುಂದೆ ಇಟ್ಟು ತನ್ನ ಕುರ್ಚಿಯನ್ನು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಏನಮ್ಮ ಇದು? ನೀನು ಉಣ್ಣಲ್ವಾ?"

"ಆಮೇಲೆ. ಮೊದಲು ನೀನು ತಿನ್ನು."

"ತಿಂತೀನಿ, ನೀನು..."

"ನನ್ನ ಮುಂದೆ ತಿನ್ನು."

ಆ ದನಿಗೆ ಬೆಚ್ಚಿದಂತೆ ಮಗಳು ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅಮ್ಮ ಅವಳ ಕಣ್ಣನ್ನು ನೋಡಲಿಲ್ಲ, ಬಾಯನ್ನೂ ನೋಡಲಿಲ್ಲ. ಸ್ವಲ್ಪ ಮುಂದೆ ಬಾಗಿ, ಕೊರಳನ್ನೇ ನೋಡುತ್ತಿದ್ದಳು. ಅಲ್ಲಿ ಚರ್ಮ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ತುತ್ತು ಪೂರ್ತಿ ಇಳಿಯುವವರೆಗೆ ಕಾದು, ಅವಳು ಮುಂದಿನ ತುತ್ತನ್ನು ತಾನೇ ಕಲಸಿ ಎತ್ತಿ ಹಿಡಿದಳು.